ಸಾಕು ಬೇರೆ, ಸಾಕಾಯ್ತು ಬೇರೆ

ನಾಡು ಬಿಟ್ಟು ಹೊರಗೆ ಬಂದು 14 ವರ್ಷ ಆಯ್ತು. ಇಷ್ಟು ವರ್ಷದಲ್ಲಿ ನಿಧಾನಕ್ಕೆ ಅರ್ಥ ಆದ ಒಂದು ವಿಷಯ ಹೇಳ್ಬೇಕು ಅನ್ನಿಸ್ತು, ಅದೇನಂದ್ರೆ ಹುಟ್ಟಿದ ಕಡೆನೇ ಬೆಳೆದು ಅಲ್ಲೇ ಇರೋರ ಹತ್ರ ತಮ್ಮನ್ನ ಅಳೆದುಕೊಳ್ಳೋಕೆ ಒಂದು ಅಳತೆಗೋಲು ಇರುತ್ತೆ, ನಮ್ಮಂಥೋರ ಕೈಯಲ್ಲಿ ಎರಡು. ಒಂದು ಇಲ್ಲಿ ಜೊತೆಗೆ ಕೆಲಸ ಮಾಡೋರದ್ದು, ಇನ್ನೊಂದು ಅಲ್ಲಿ ಜೊತೆಗೆ ಓದಿದೋರದ್ದು. ಇಲ್ಲಿಯವರ ಪಕ್ಕ ನಿಂತು ಅಳೆದ್ರೆ ಸ್ವಂತ ಮನೆ, ಭಾಷೆ, ಮೀಟಿಂಗಲ್ಲಿ ನಮ್ಮ ಮಾತಿಗೆ ಸಿಗೋ ತೂಕ, ಎಲ್ಲದ್ರಲ್ಲೂ ನಾವು ಒಂದು ಗೇಣು ಕಮ್ಮಿ. ಅಲ್ಲಿಯವರ ಪಕ್ಕ ನಿಂತ್ರೆ ಅಪ್ಪ ಅಮ್ಮನ ಹತ್ರ ಇರೋದು, ಅಣ್ಣನ ಮಕ್ಕಳು ಕಣ್ಣೆದುರಿಗೇ ಬೆಳೆಯೋದು, ಯಾರಿಗೂ ಏನೂ ವಿವರಿಸದೇನೇ ಅರ್ಥ ಆಗೋ ಥರ ಬದುಕೋದು, ಅದ್ರಲ್ಲೂ ಕಮ್ಮಿ. ಇಲ್ಲಿಯವರಿಗೆ ಇಲ್ಲದ್ದು ಎಷ್ಟೋ ನಮಗಿದೆ, ಅಲ್ಲಿಯವರಿಗೆ ಇಲ್ಲದ್ದೂ ಎಷ್ಟೋ ನಮಗಿದೆ, ಆದ್ರೆ ಅದನ್ನ ಅಳೆಯೋಕೆ ಮಾತ್ರ ಕೋಲು ಎತ್ತೋದೇ ಇಲ್ಲ.

ಎರಡೂ ಕಡೆ ಹೋಲಿಸೋ ರೀತಿ ಬೇರೆ ಬೇರೆ. ಅಲ್ಲಿ ಅದು ಬಾಯಲ್ಲಿರುತ್ತೆ. ಸಂಬಳ ಎಷ್ಟು, ಮನೆ ಆಯ್ತಾ, ಮಗಳಿಗೆ ಎಷ್ಟು ಮಾರ್ಕ್ಸ್ ಬಂತು ಅಂತ ನೇರವಾಗಿ ಕೇಳ್ತಾರೆ, ಕೇಳಿದ ಮೇಲೆ "ಅವರ ಮಗ ಆಗ್ಲೇ ಮ್ಯಾನೇಜರ್ ಆದ್ನಂತೆ ಕಣೋ" ಅಂತ ಒಂದು ಮಾತು ಸೇರಿಸ್ತಾರೆ. ಇಲ್ಲಿ ಯಾರೂ ಏನೂ ಕೇಳಲ್ಲ. ಎಂಟು ವರ್ಷದಿಂದ ಪಕ್ಕದ ಸೀಟಲ್ಲೇ ಕೂರೋನ ಸಂಬಳ ಎಷ್ಟು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಮೊದಲ ಎರಡು ಮೂರು ವರ್ಷ ನಾನು ಅಂದ್ಕೊಂಡಿದ್ದು, ಎಂಥ ನೆಮ್ಮದಿಯ ಜನ ಇವರು, ಯಾರ ಉಸಾಬರಿಗೂ ಹೋಗಲ್ಲ, ತಮ್ಮ ಪಾಡಿಗೆ ತಾವಿರ್ತಾರೆ ಅಂತ. ಅಮ್ಮನಿಗೂ ಫೋನಲ್ಲಿ ಹಾಗೇ ಹೇಳ್ತಿದ್ದೆ, ನೀವೆಲ್ಲಾ ಇವರನ್ನ ನೋಡಿ ಕಲೀಬೇಕು ಅಂತ. ಆಮೇಲೆ ಭಾಷೆ ಸ್ವಲ್ಪ ಕಿವಿಗೆ ಹತ್ತಿತು ನೋಡಿ, ಆಗ ಕೇಳಿಸೋಕೆ ಶುರುವಾಯ್ತು. ಸೋಮವಾರ ಬೆಳಿಗ್ಗೆ ವೀಕೆಂಡ್ ಹೇಗಿತ್ತು ಅಂತ ಕೇಳ್ತಾರಲ್ಲ, ಆ ಒಂದು ಪ್ರಶ್ನೆಯೊಳಗೆ ರಜೆಗೆ ಎಲ್ಲಿಗೆ ಹೋದ್ರು, ಎಷ್ಟು ಕಿಲೋಮೀಟರ್ ಓಡಿದ್ರು, ಮಕ್ಕಳು ಏನು ಕಲೀತಿದಾರೆ, ಎಲ್ಲಾ ಅಳತೆನೂ ಆಗಿ ಹೋಗುತ್ತೆ. ಗಟ್ಟಿಯಾಗಿ ಮಾಡಲ್ಲ ಅಷ್ಟೇ. ನನ್ನ ಕೇಳಿದ್ರೆ ಬಾಯಿ ಬಿಟ್ಟು ಕೇಳೋದೇ ವಾಸಿ, ಯಾಕಂದ್ರೆ ಬಾಯಲ್ಲಿ ಬಂದ ಹೋಲಿಕೆಗೆ ಯಾರು ಅಂದ್ರು ಅಂತ ಒಂದು ಮುಖ ಇರುತ್ತೆ, ಬೇಜಾರಾದ್ರೆ ಅವರ ಮೇಲೆ ಎರಡು ದಿನ ಸಿಟ್ಟು ಮಾಡ್ಕೊಂಡು ಮರೀಬಹುದು. ಯಾರೂ ಬಾಯಿಬಿಡದೆ ನಡೆಯೋ ಹೋಲಿಕೆ ಹಾಗಲ್ಲ, ಅದು ನಮ್ಮೊಳಗೇ ಹುಟ್ಟಿದ ಕೊರತೆ ಅನ್ನೋ ಹಾಗೆ ಕೂತುಬಿಡುತ್ತೆ.

ಇದು ಬರೀ ನಮ್ಮ ಜನದ ಗುಣ, ಇಲ್ಲಾ ಇವರ ಗುಣ ಅಂತಲ್ಲ. ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲೇ ಇದರ ಬಗ್ಗೆ ಬರೆದಿದ್ದ. ನಾವು ಹೇಗಿದೀವಿ ಅಂತ ತಿಳ್ಕೊಳ್ಳೋಕೆ ಸರಿಯಾದ ಅಳತೆ ಸಿಗದಿದ್ದಾಗ ಮನುಷ್ಯ ಪಕ್ಕದವನನ್ನ ನೋಡ್ತಾನೆ, ಅದ್ರಲ್ಲೂ ತನಗೆ ಹತ್ರ ಹತ್ರ ಇರೋನನ್ನೇ ಆರಿಸಿಕೊಳ್ತಾನೆ ಅಂತ. ನಿಜ ಅಲ್ವಾ, ದೇಶದಲ್ಲೇ ದೊಡ್ಡ ಶ್ರೀಮಂತ ಇನ್ನೊಂದು ಬಂಗಲೆ ಕಟ್ಟಿಸಿದ್ರೆ ನಮಗೆ ನಿದ್ದೆ ಕೆಡಲ್ಲ, ಜೊತೆಗೆ ಬೆಂಚಲ್ಲಿ ಕೂತು ನಮ್ಮ ನೋಟ್ಸ್ ನೋಡಿ ಬರೆದೋನು ಸೈಟ್ ತಗೊಂಡ ಅಂದ ರಾತ್ರಿ ಮಗ್ಗಲು ಬದಲಾಯಿಸ್ತಾ ಇರ್ತೀವಿ. ಹೊರನಾಡಿನವರಿಗೆ ಹೀಗೆ ಹತ್ರ ಹತ್ರ ಇರೋರು ಎರಡು ಕಡೆನೂ ಇದಾರೆ, ನಿದ್ದೆ ಕೆಡೋಕೆ ಕಾರಣನೂ ಎರಡು ಪಟ್ಟು.

ಇದರಲ್ಲಿ ನಂಗೆ ತುಂಬಾ ಕಾಡಿದ ಒಂದು ಅಧ್ಯಯನ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಸಂಬಳ ಎಲ್ಲಾ ವೆಬ್‌ಸೈಟಲ್ಲಿ ನೋಡೋಕೆ ಸಿಗ್ತಿತ್ತು, ಸಂಶೋಧಕರು ಕೆಲವು ನೌಕರರಿಗೆ ಮಾತ್ರ ಹೀಗೊಂದು ಇದೆ ನೋಡಿ ಅಂತ ತಿಳಿಸಿದ್ರು, ಆಮೇಲೆ ಎಲ್ಲರನ್ನೂ ವಿಚಾರಿಸಿದ್ರು. 2012ರಲ್ಲಿ ಅದು ಪ್ರಕಟ ಆಯ್ತು. ತಮ್ಮ ವಿಭಾಗದಲ್ಲಿ ತಮ್ಮಂಥದ್ದೇ ಕೆಲಸ ಮಾಡೋರ ಸಂಬಳದ ಸಾಲಲ್ಲಿ ಕೆಳಗಿನ ಅರ್ಧದಲ್ಲಿ ಇದೀವಿ ಅಂತ ಗೊತ್ತಾದೋರಿಗೆ ಕೆಲಸದ ಮೇಲೆ ಬೇಸರ ಬಂತು, ಬೇರೆ ಕಡೆ ಹುಡುಕೋ ಮನಸ್ಸು ಬಂತು. ಸರಿ, ಅದು ಸಹಜ. ಆದ್ರೆ ಮೇಲೆ ಇದೀವಿ ಅಂತ ಗೊತ್ತಾದೋರಿಗೆ? ಅವರ ಸಂತೋಷ ಹೆಚ್ಚಾಗ್ಲೇ ಇಲ್ಲ, ಮೊದಲು ಹೇಗಿದ್ರೋ ಹಾಗೇ ಇದ್ರು. ಅಂದ್ರೆ ಈ ಆಟದಲ್ಲಿ ಸೋತೋನು ಕಳ್ಕೊಳ್ತಾನೆ, ಗೆದ್ದೋನಿಗೆ ಏನೂ ಸಿಗಲ್ಲ. ಇದನ್ನ ಓದಿದ ದಿನ ನಾನು ಲೆಕ್ಕ ಹಾಕಿದೆ, ನನಗೆ ಪ್ರಮೋಷನ್ ಆದಾಗ ನಾನು ಯಾರನ್ನ ಹಿಂದೆ ಹಾಕಿದೆ ಅಂತ ಒಂದು ಸಲನಾದ್ರೂ ಖುಷಿಯಾಗಿ ನೆನೆಸಿಕೊಂಡಿದ್ದೀನಾ? ಇಲ್ಲ. ಆ ವಾರದಲ್ಲೇ ನನಗಿಂತ ಮೇಲಿನ ಇನ್ನೊಬ್ಬನ ಕಡೆ ಕಣ್ಣು ಹೋಗಿತ್ತು.

ನಾರ್ವೆಯಲ್ಲಂತೂ ಇಡೀ ದೇಶದ ಜನರ ಆದಾಯ 2001ರಿಂದ ಇಂಟರ್ನೆಟ್ಟಲ್ಲಿ ಸುಲಭವಾಗಿ ನೋಡೋ ಹಾಗಾಯ್ತು, ಜನ ನೆಂಟರದ್ದು, ಸ್ನೇಹಿತರದ್ದು, ನೆರೆಯವರದ್ದು ಎಲ್ಲಾ ಹುಡುಕಿ ಹುಡುಕಿ ನೋಡಿದ್ರು. ಆಮೇಲೆ 2014ರಲ್ಲಿ ಯಾರು ನಿಮ್ಮ ಆದಾಯ ನೋಡಿದ್ರು ಅಂತ ನಿಮಗೆ ಗೊತ್ತಾಗೋ ಹಾಗೆ ನಿಯಮ ತಂದ್ರು, ತಂದಿದ್ದೇ ತಡ ಹುಡುಕೋರ ಸಂಖ್ಯೆ ಸಿಕ್ಕಾಪಟ್ಟೆ ಇಳೀತು. ಇಣುಕಿ ನೋಡೋಕೆ ಎಲ್ಲರಿಗೂ ಆಸೆ, ಇಣುಕೋದು ಗೊತ್ತಾಗಬಾರದು ಅಷ್ಟೇ. ನಾವು ರಾತ್ರಿ ಹನ್ನೊಂದಕ್ಕೆ ಫೋನ್ ಹಿಡ್ಕೊಂಡು ಹಳೇ ಕ್ಲಾಸ್‌ಮೇಟ್ ಒಬ್ಬೊಬ್ಬರದ್ದೇ ಪ್ರೊಫೈಲ್ ನೋಡ್ತಾ ಹೋಗೋದೂ ಅದೇ ಅಲ್ವಾ.

ಈಗ ನನ್ನ ಸ್ನೇಹಿತನ ವಿಷಯ ಹೇಳ್ತೀನಿ, ಇದನ್ನ ಬರೆಯೋಕೆ ಕಾರಣನೇ ಅವನು. ಹೈಸ್ಕೂಲಿಂದ ಜೊತೆಗಿದ್ದೋನು, ಅಲ್ಲೇ ಉಳ್ಕೊಂಡ, ನಾನು ಬಂದೆ. ಅವನು ಒಂದು ಸಲ ಒಂದು ಫೋಟೋ ಕಳಿಸಿದ್ದ, ಮನೆ ಮುಂದೆ ಮರದ ಕೆಳಗೆ ಅವನೂ ಅವರಪ್ಪನೂ ಎರಡು ಕುರ್ಚಿ ಹಾಕ್ಕೊಂಡು ಕೂತಿದಾರೆ, ಸಂಜೆ ಬೆಳಕು, ಇಬ್ಬರ ಕೈಯಲ್ಲೂ ಲೋಟ. ಅಷ್ಟೇ ಫೋಟೋ. ಅದನ್ನ ನಾನು ಎಷ್ಟು ಸಲ ತೆಗೆದು ನೋಡಿದೀನೋ ಲೆಕ್ಕ ಇಲ್ಲ. ನಮ್ಮಪ್ಪ ಹೋಗೋ ಮುಂಚಿನ ಆರು ವರ್ಷದಲ್ಲಿ ನಾನು ಅವರ ಜೊತೆ ಇದ್ದಿದ್ದು ಎಲ್ಲಾ ಸೇರಿಸಿದ್ರೆ ಮೂರು ತಿಂಗಳೂ ಆಗಲ್ಲ, ಆ ಫೋಟೋ ನೋಡಿದಾಗೆಲ್ಲಾ ಆ ಲೆಕ್ಕ ಎದ್ದು ನಿಲ್ತಿತ್ತು. ಅವನು ಗೆದ್ದ, ನಾನು ಸೋತೆ ಅಂತಲೇ ನನ್ನ ಮನಸ್ಸಲ್ಲಿ ತೀರ್ಮಾನ ಆಗಿಹೋಗಿತ್ತು, ಅವನ ಜೊತೆ ಮಾತಾಡೋವಾಗಲೂ ಒಂದು ಸಣ್ಣ ಬಿಗಿ ಇರ್ತಿತ್ತು, ಅವನಿಗೂ ಗೊತ್ತಾಗಿರಬೇಕು.

ಹೋದ ವರ್ಷ ಒಂದು ರಾತ್ರಿ ಫೋನಲ್ಲಿ ಮಾತಾಡ್ತಾ ಮಾತಾಡ್ತಾ ಅವನೇ ಅಂದ, "ನಿನಗೇನಪ್ಪಾ, ಆರಾಮಾಗಿದೀಯ, ಆ ಟ್ರೈನ್ ಕಿಟಕಿ ಫೋಟೋ ಕಳಿಸಿದ್ಯಲ್ಲ, ನಾನು ಈಗ್ಲೂ ಇಟ್ಕೊಂಡಿದೀನಿ, ಬೇಜಾರಾದಾಗ ನೋಡ್ತೀನಿ, ನಾನೂ ಆವಾಗ್ಲೇ ಹೊರಟುಬಿಡಬೇಕಿತ್ತು ಅನ್ಸುತ್ತೆ" ಅಂತ. ನಂಗೆ ಮಾತೇ ಹೊರಡಲಿಲ್ಲ. ಆ ಫೋಟೋ ತೆಗೆದ ದಿನ ನಾನು ಇಂಟರ್ವ್ಯೂ ಒಂದರಲ್ಲಿ ಆಗಲ್ಲ ಅನ್ನಿಸಿಕೊಂಡು ವಾಪಸ್ ಬರ್ತಿದ್ದೆ, ಕೈಯಲ್ಲಿದ್ದ ಕೆಲಸ ಹೋಗಿ ಎರಡು ತಿಂಗಳಾಗಿತ್ತು, ಮನೇಲಿ ಹೇಳಿರಲಿಲ್ಲ, ಅಳು ಬರಬಾರದು ಅಂತ ಕಿಟಕಿ ಆಚೆ ನೋಡ್ತಾ ಸುಮ್ಮನೆ ಒಂದು ಫೋಟೋ ತೆಗೆದು ಕಳಿಸಿದ್ದೆ. ಇದನ್ನ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಕೇಳಿದ, "ನಮ್ಮಪ್ಪನ ಜೊತೆ ಕೂತ ಫೋಟೋ ನೆನಪಿದೆಯಾ ನಿಂಗೆ?" ನೆನಪಿಲ್ಲದೆ ಏನು. ಅವತ್ತು ಬೆಳಿಗ್ಗೆ ಅಪ್ಪನ ಔಷಧಿ ಖರ್ಚಿನ ವಿಷಯಕ್ಕೆ ಅಣ್ಣ ತಮ್ಮ ಇಬ್ಬರೂ ಅಪ್ಪನ ಎದುರಿಗೇ ಕಿತ್ತಾಡಿದ್ರಂತೆ, ಅಣ್ಣ ಮನೆ ಬಿಟ್ಟು ಹೋದ್ನಂತೆ, ಇವತ್ತಿಗೂ ಮಾತಿಲ್ವಂತೆ. ಸಂಜೆ ಅಪ್ಪ ಮಗ ಹೊರಗೆ ಕೂತಿದ್ದು ಒಳಗೆ ಕೂರೋಕೆ ಆಗದೆ. ಯಾರೋ ಫೋಟೋ ತೆಗೆದ್ರು. ದೂರದ ಬೆಟ್ಟ ನುಣ್ಣಗೆ ಅಂತ ನಾವಿಬ್ಬರೂ ಚಿಕ್ಕ ವಯಸ್ಸಿಂದ ಕೇಳಿದೋರೇ, ಆದ್ರೆ ಏಳೆಂಟು ವರ್ಷ ಒಬ್ಬರ ಬೆಟ್ಟ ಇನ್ನೊಬ್ಬರು ನೋಡ್ತಾ ಕೂತಿದ್ವಿ.

ಇದನ್ನ ಮನೇಲಿ ಹೇಳಿದಾಗ ದೊಡ್ಡವರು ಒಬ್ಬರು ಅಂದ್ರು, ಅದಕ್ಕೇ ಹೇಳೋದು ನಮಗಿಂತ ಮೇಲಿನವರನ್ನ ನೋಡಬಾರದು, ಕೆಳಗಿನವರನ್ನ ನೋಡಿ ಸಮಾಧಾನ ಮಾಡ್ಕೋಬೇಕು ಅಂತ. ನಮ್ಮಲ್ಲಿ ಎಲ್ಲರೂ ಕೊಡೋ ಬುದ್ಧಿಮಾತು ಇದು, ಇಲ್ಲೂ ಬೇರೆ ಮಾತಲ್ಲಿ ಇದನ್ನೇ ಹೇಳ್ತಾರೆ. ನಾನು ಇದನ್ನ ಒಪ್ಪಲ್ಲ. ಸ್ನೇಹಿತನ ಮನೆ ಜಗಳ ಕೇಳಿ ನಂಗೆ ಸಮಾಧಾನ ಆಗಬೇಕಿತ್ತಾ? ಒಬ್ಬರ ಕಷ್ಟ ನನ್ನ ನೆಮ್ಮದಿಗೆ ಔಷಧಿ ಆಗೋದಾದ್ರೆ ಆ ನೆಮ್ಮದಿ ಉಳಿಯೋಕೆ ಅವರು ಕಷ್ಟದಲ್ಲೇ ಇರಬೇಕಾಗುತ್ತೆ, ಅವರು ಸುಧಾರಿಸಿಕೊಂಡ ದಿನ ನನ್ನ ನೆಮ್ಮದಿ ಹೋಯ್ತು. ಕೋಲು ಅದೇ, ತಿರುಗಿಸಿ ಹಿಡಿದಿದ್ದು ಅಷ್ಟೇ.

1992ರ ಬಾರ್ಸಿಲೋನಾ ಒಲಿಂಪಿಕ್ಸಲ್ಲಿ ಪದಕ ಗೆದ್ದೋರ ಮುಖ ನೋಡಿ ಸಂಶೋಧಕರು 1995ರಲ್ಲಿ ಒಂದು ವಿಷಯ ಬರೆದ್ರು, ಬೆಳ್ಳಿ ಗೆದ್ದೋರಿಗಿಂತ ಕಂಚು ಗೆದ್ದೋರೇ ಹೆಚ್ಚು ಖುಷಿಯಾಗಿ ಕಾಣ್ತಿದ್ರು ಅಂತ. ಬೆಳ್ಳಿಯವನ ಕಣ್ಣು ಕೈತಪ್ಪಿದ ಚಿನ್ನದ ಮೇಲೆ. ಕಂಚಿನವನು ಕೆಳಗಿನವರನ್ನ ನೋಡಿ ಖುಷಿಪಟ್ಟ ಅಂತ ಕೆಲವರು ಅರ್ಥ ಮಾಡ್ತಾರೆ, ನಂಗೆ ಹಾಗನ್ಸಲ್ಲ, ಅವನು ನೋಡಿದ್ದು ಪದಕ ಇಲ್ಲದೆ ಬರಿಗೈಲಿ ಮನೆಗೆ ಹೋಗಬೇಕಿದ್ದ ತನ್ನನ್ನೇ. ಅದು ಇನ್ನೊಬ್ಬರ ಜೊತೆ ಹೋಲಿಕೆ ಅಲ್ಲ. ಟ್ರೈನಲ್ಲಿ ಅಳು ತಡ್ಕೊಂಡು ಕೂತಿದ್ದ ಆ ಹುಡುಗನ ಪಕ್ಕ ಇವತ್ತಿನ ನಾನು ಹೋಗಿ ಕೂತ್ರೆ ನಂಗೆ ಸಿಗೋ ಸಮಾಧಾನಕ್ಕೆ ಯಾರೂ ಚಿಕ್ಕವರಾಗಬೇಕಿಲ್ಲ.

ಕನ್ನಡದಲ್ಲಿ ಇದಕ್ಕೆ ಒಂದು ಪುಟ್ಟ ಪದ ಇದೆ, ಸಾಕು. ಇಲ್ಲಿಯ ಭಾಷೇಲಿ ಇಷ್ಟು ಚೊಕ್ಕವಾಗಿ ಹೇಳೋಕೆ ನಂಗೆ ಇನ್ನೂ ಬಂದಿಲ್ಲ. ಆದ್ರೆ ಅದರ ಪಕ್ಕದಲ್ಲೇ ಸಾಕಾಯ್ತು ಅಂತ ಇನ್ನೊಂದಿದೆ, ಸುಸ್ತಾಗಿ, ಬೇಸತ್ತು, ಇನ್ನು ಕೈಲಾಗಲ್ಲ ಅಂತ ಹೇಳೋದು. ತೃಪ್ತಿ ಬಗ್ಗೆ ಮಾತಾಡೋರು ಎಷ್ಟೋ ಸಲ ಎರಡನ್ನೂ ಒಂದೇ ಮಾಡಿಬಿಡ್ತಾರೆ, ಆಸೆ ಬಿಡು, ಪಾಲಿಗೆ ಬಂದದ್ದು ಪಂಚಾಮೃತ, ಸುಮ್ಮನಿರು ಅಂತ. ಒಂದೇ ಕೆಲಸಕ್ಕೆ ಪಕ್ಕದವನಿಗಿಂತ ಕಮ್ಮಿ ಸಂಬಳ ತಗೊಳ್ತಿರೋ ಹೆಣ್ಣುಮಗಳಿಗೆ ಇರೋದ್ರಲ್ಲಿ ತೃಪ್ತಿ ಪಡು ಅಂದ್ರೆ ಅದು ಅನ್ಯಾಯಕ್ಕೆ ತೇಪೆ ಹಾಕೋ ಮಾತು. ಅಲ್ಲಿ ಹೋಲಿಸಲೇಬೇಕು, ಹೋಲಿಸದೆ ಇದ್ರೆ ಮೋಸ ಗೊತ್ತಾಗೋದಾದ್ರೂ ಹೇಗೆ. 2003ರಲ್ಲಿ ಪ್ರಕಟ ಆದ ಒಂದು ಪ್ರಯೋಗದಲ್ಲಿ ಕ್ಯಾಪುಚಿನ್ ಕೋತಿಗಳಿಗೆ ಒಂದೇ ಕೆಲಸಕ್ಕೆ ಒಂದಕ್ಕೆ ಸೌತೆಕಾಯಿ, ಪಕ್ಕದ್ದಕ್ಕೆ ದ್ರಾಕ್ಷಿ ಕೊಟ್ಟಾಗ ಸೌತೆಕಾಯಿ ಸಿಕ್ಕಿದ್ದು ಎಷ್ಟೋ ಸಲ ಬೇಡ ಅಂತ ನಿರಾಕರಿಸ್ತಿತ್ತು. ನ್ಯಾಯದ ಲೆಕ್ಕ ಕೋತಿಗೇ ಗೊತ್ತಾಗೋವಾಗ ಮನುಷ್ಯರಿಗೆ ಅದನ್ನ ಹೊಟ್ಟೆಕಿಚ್ಚು ಅಂತ ಹೆಸರಿಟ್ಟು ಬಾಯಿ ಮುಚ್ಚಿಸಬಾರದು. ನಾನು ಸಾಕು ಅನ್ನೋದು ನನ್ನ ವಿಷಯಕ್ಕೆ ಮಾತ್ರ, ಇನ್ನೊಬ್ಬರಿಗೆ ನಿಂಗಿಷ್ಟು ಸಾಕು ಅಂತ ಹೇಳೋ ಅಧಿಕಾರ ನಂಗಿಲ್ಲ.

ಹಾಗಂತ ನನ್ನ ಹೋಲಿಕೆ ಪೂರ್ತಿ ನಿಂತುಹೋಗಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನಿಂತಿಲ್ಲ. ಈಗ ಅದು ಬಂದಾಗ ನಾನು ಒಂದು ಪ್ರಶ್ನೆ ಕೇಳ್ಕೋತೀನಿ, ಅವರ ಜೀವನ ಪೂರ್ತಿ ತಗೋತೀಯಾ, ಅವರ ಒಂದು ತುಂಡು ಮಾತ್ರ ಬೇಕಾ ಅಂತ. ಆ ಮರದ ಕೆಳಗಿನ ಸಂಜೆ ಬೇಕು ಅಂದ್ರೆ ಆ ಬೆಳಗಿನ ಜಗಳನೂ ತಗೋಬೇಕು, ಮಾತು ಬಿಟ್ಟ ಅಣ್ಣನ್ನೂ ತಗೋಬೇಕು, ಜೊತೆಗೆ ನನ್ನ ಹೆಂಡತಿ ಮಕ್ಕಳು, ಇಲ್ಲಿ ಕಷ್ಟಪಟ್ಟು ಸಂಪಾದಿಸಿದ ಸ್ನೇಹ, ಕೆಟ್ಟ ಉಚ್ಚಾರಣೆಯಲ್ಲೇ ಧೈರ್ಯವಾಗಿ ಮಾತಾಡೋಕೆ ಕಲಿತಿದ್ದು, ಎಲ್ಲಾ ವಾಪಸ್ ಕೊಡಬೇಕು. ಅಷ್ಟಕ್ಕೆ ಮನಸ್ಸು ಒಪ್ಪಲ್ಲ. ಅಪ್ಪನ ಜೊತೆ ಇರಲಿಲ್ಲ ಅನ್ನೋ ನೋವು ಇದ್ದೇ ಇದೆ, ಅದು ಹೋಗೋದೂ ಬೇಡ, ಆದ್ರೆ ಅದು ನನ್ನ ಮತ್ತು ನಮ್ಮಪ್ಪನ ಮಧ್ಯೆ ಇರೋದು, ಸ್ನೇಹಿತನ ಫೋಟೋಗೂ ಅದಕ್ಕೂ ಸಂಬಂಧ ಇಲ್ಲ.

ಆವತ್ತಿನ ಫೋನ್ ಆದ ಮೇಲೆ ನಾವಿಬ್ಬರೂ ಒಂದು ಒಪ್ಪಂದ ಮಾಡ್ಕೊಂಡಿದೀವಿ, ಇನ್ನು ಮುಂದೆ ಫೋಟೋ ಕಳಿಸಿದ್ರೆ ಆ ದಿನ ಇನ್ನೇನಾಯ್ತು ಅಂತ ಒಂದು ಸಾಲು ಕೆಳಗೆ ಬರೀಬೇಕು ಅಂತ. ಮೊದಮೊದಲು ಕಷ್ಟ ಆಯ್ತು, ಈಗ ಅಭ್ಯಾಸ ಆಗಿದೆ. ನಿನ್ನೆ ಅವನದ್ದು ಬಂತು, ಮಳೆ ಹಿಡ್ಕೊಂಡಿದೆ, ಅದೇ ಮರ, ಕೆಳಗೆ ಒಂದೇ ಕುರ್ಚಿ ನೆನೀತಾ ಇದೆ. ಕೆಳಗೆ ಬರೆದಿದ್ದ: "ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಅಪ್ಪಂಗೆ ಕೆಮ್ಮು, ಒಳಗೆ ಮಲಗಿದಾರೆ. ಅಣ್ಣಂಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಳೆ ಮಾತ್ರ ಚೆನ್ನಾಗಿದೆ ಕಣೋ." ನಾನು ನಮ್ಮನೆ ಬಾಲ್ಕನಿ ಫೋಟೋ ತೆಗೆದು ಕೆಳಗೆ ಬರೀತಾ ಕೂತಿದೀನಿ.