ಸಮುದ್ರಕ್ಕೆ 300 ಚಾಟಿಯೇಟು

ಸೇತುವೆ ಕುಸಿದರೆ ಯಾರನ್ನು ಹಿಡಿಯಬೇಕು ಅನ್ನುವುದು ಹಳೇ ತಲೆನೋವು. ಪರ್ಷಿಯಾದ ದೊರೆ ಕ್ಸರ್ಕ್ಸಿಸ್ ತಲೆ ಕೆಡಿಸಿಕೊಳ್ಳಲಿಲ್ಲ. ಸಮುದ್ರವನ್ನೇ ಹಿಡಿದು ಬಾರಿಸಿದ.

ಕ್ರಿ.ಪೂ. 480ರ ದಂಡಯಾತ್ರೆಯ ಹೊತ್ತು. ಗ್ರೀಕರಿಗೆ ಬುದ್ಧಿ ಕಲಿಸಲು ಹೊರಟ ಸೈನ್ಯ ಹೆಲೆಸ್ಪಾಂಟ್ ಜಲಸಂಧಿ ದಾಟಬೇಕಿತ್ತು. ಅದೇ ಈಗಿನ ಟರ್ಕಿಯ ಡಾರ್ಡನೆಲ್ಸ್. ಫಿನೀಷಿಯನ್ನರು ಅಗಸೆ ನಾರಿನ ಹಗ್ಗ, ಈಜಿಪ್ಟಿನವರು ಪಪೈರಸ್ ಹಗ್ಗ ಬಿಗಿದು ಎರಡು ಸೇತುವೆ ಕಟ್ಟಿದರು. ಬಿರುಗಾಳಿ ಬಂತು. ಎರಡೂ ಹೋದವು.

ತನಿಖೆ ಎಷ್ಟು ಚುರುಕು ನೋಡಿ. ಆರೋಪಿ ನೀರು, ಅದೂ ಸ್ಥಳದಲ್ಲೇ ಸಿಕ್ಕಿಬಿತ್ತು! ಶಿಕ್ಷೆ 300 ಚಾಟಿಯೇಟು. ಜೊತೆಗೆ ಒಂದು ಜೊತೆ ಸಂಕೋಲೆ ನೀರಿಗೆ. ಕಾದ ಕಬ್ಬಿಣದಿಂದ ಬರೆ ಹಾಕುವವರನ್ನೂ ಕಳಿಸಿದ್ದನಂತೆ. ತಾನು ಹಾಗೆ ಕೇಳಿದ್ದೇನೆ ಅನ್ನುತ್ತಾನೆ ಈ ಕಥೆ ಬರೆದಿಟ್ಟ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್.

ಪಾಪ, ಆ ಚಾಟಿ ಹಿಡಿದವನನ್ನು ನೆನೆಸಿಕೊಳ್ಳಿ. 147 ಆಯ್ತೋ, 148 ಆಯ್ತೋ? ಅಷ್ಟರಲ್ಲಿ ಒಂದು ತೆರೆ ಬಂದು ಮೊಣಕಾಲು ನೆನೆಸುತ್ತದೆ, ಲೆಕ್ಕ ತಪ್ಪುತ್ತದೆ. ಬಾಸುಂಡೆ ಎದ್ದಿದೆಯಾ ಅಂತ ಸಾಹೇಬರು ಕೇಳಿದರೆ ಎಲ್ಲಿ ತೋರಿಸುವುದು? ಹೊಡೆಯುತ್ತಾ ಬೈಯಲೂ ಬೇಕು, ಅದೂ ಅಪ್ಪಣೆ. ಕೆಸರು ನೀರು, ಉಪ್ಪು ನೀರು ಅಂತ. ಸಮುದ್ರವನ್ನು ಉಪ್ಪು ಅಂತ ಬೈದರೆ ಅದಕ್ಕೆ ಬೇಜಾರಾಗುತ್ತಾ?

ಸುಮ್ನೆ ನಕ್ಕುಬಿಡಬಹುದಿತ್ತು. ಆದರೆ ಸೇತುವೆ ಕಟ್ಟಿಸಿದ ಮೇಸ್ತ್ರಿಗಳ ತಲೆಯೂ ಹಾರಿತು. ಮೇಲೆ ಕೂತು ಅವಸರ ಮಾಡಿದವರ ಹೆಸರು ಕಡತದಲ್ಲೇ ಇಲ್ಲ.

ಹೊಸ ಮೇಸ್ತ್ರಿಗಳು ಬಂದರು. ಅವರ ಕೈ ನಡುಗಿರಲಿಕ್ಕಿಲ್ಲ ಅಂತ ಹೇಗೆ ಹೇಳುವುದು? ಒಂದು ಸೇತುವೆಗೆ 360 ಹಡಗು, ಇನ್ನೊಂದಕ್ಕೆ 314 ಹಡಗು ಸಾಲಾಗಿ ನಿಲ್ಲಿಸಿ ಗಟ್ಟಿಯಾಗಿ ಬಿಗಿದರು. ದಾಟುವ ಮೊದಲು ದೊರೆ ಚಿನ್ನದ ಬಟ್ಟಲಿನಿಂದ ತರ್ಪಣ ಬಿಟ್ಟು, ಬಟ್ಟಲು, ಒಂದು ಚಿನ್ನದ ಪಾತ್ರೆ, ಒಂದು ಕತ್ತಿ ಎಲ್ಲವನ್ನೂ ಅದೇ ನೀರಿಗೆ ಎಸೆದ. ಸೂರ್ಯನಿಗೆ ಕಾಣಿಕೆಯೋ, ಹೊಡೆದದ್ದಕ್ಕೆ ತಪ್ಪುಗಾಣಿಕೆಯೋ, ಹೆರೊಡೋಟಸ್‌ಗೂ ಗೊತ್ತಾಗಲಿಲ್ಲ. ಅವನೂ ಗ್ರೀಕ ಅಲ್ವಾ, ಶತ್ರುವಿನ ಕಥೆಗೆ ಒಗ್ಗರಣೆ ಸ್ವಲ್ಪ ಜಾಸ್ತಿ ಬಿದ್ದಿರಬಹುದು.

ಗ್ರೀಸಿನ ಸಲಾಮಿಸ್ ನೌಕಾಯುದ್ಧದಲ್ಲಿ ಸೋತು ಪರ್ಷಿಯನ್ನರು ವಾಪಸ್ ಬಂದರು. ಸೇತುವೆ ಮತ್ತೆ ಬಿರುಗಾಳಿಗೆ ಕಿತ್ತುಹೋಗಿತ್ತು. 300 ಏಟು ತಿಂದರೂ ಸಮುದ್ರ ತಿದ್ದಿಕೊಂಡಿರಲಿಲ್ಲ. ಈ ಸಲ ಚಾಟಿ ತರಿಸಿದ ಸುದ್ದಿ ಎಲ್ಲೂ ಇಲ್ಲ. ಬಾಯಿ ಮುಚ್ಚಿಕೊಂಡು ಹಡಗು ಹತ್ತಿದರು.