ಬಿಸ್ಟ್ರೋ ಹುಟ್ಟಿದ್ದು ರಷ್ಯನ್ ಸೈನಿಕರ ಅವಸರದಿಂದಲ್ಲ

1814ರಲ್ಲಿ ಪ್ಯಾರಿಸ್ ಹೊಕ್ಕ ರಷ್ಯದ ಕೊಸಾಕ್ ಸೈನಿಕರು ಹೋಟೆಲುಗಳಲ್ಲಿ ‘ಬಿಸ್ತ್ರ, ಬಿಸ್ತ್ರ’ ಎಂದು ಕೂಗಿದರು, ಅದರಿಂದಲೇ ಚಿಕ್ಕ ಹೋಟೆಲಿಗೆ ಹೇಳುವ ‘ಬಿಸ್ಟ್ರೋ’ ಎಂಬ ಪದ ಹುಟ್ಟಿತು ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು.

ಅರ್ಧ ನಿಜ. ಆ ಮಾರ್ಚ್‌ನಲ್ಲಿ ರಷ್ಯದ ಸೇನೆ ಪ್ಯಾರಿಸ್‌ಗೆ ಬಂದಿತ್ತು. ರಷ್ಯನ್ನಿನಲ್ಲಿ ಬಿಸ್ತ್ರ ಅಂದರೆ ‘ಬೇಗ’. ಪ್ಯಾರಿಸ್‌ನ ಮೊಂಮಾರ್ತ್ರ್ ಗುಡ್ಡದ ಒಂದು ಹೋಟೆಲಿನ ಗೋಡೆಯಲ್ಲಿ ಈ ಕತೆಯ ಫಲಕವೂ ಇದೆ. ಆದರೆ ಅದನ್ನು ಹಾಕಿದ್ದು ಘಟನೆಯ 180ನೇ ವರ್ಷದ ನೆನಪಿಗೆ. ಸಾಕ್ಷಿ ಅಂತ ಹೇಳೋಕೆ ಸ್ವಲ್ಪ ತಡವಾಯ್ತು, ಅಲ್ವಾ?

ಫ್ರೆಂಚ್ ಬರಹದಲ್ಲಿ ಈ ಪದ ಮೊದಲು ಸಿಗೋದು 1884ರಲ್ಲಿ. ನಡುವೆ 70 ವರ್ಷ! ಜನರ ಬಾಯಲ್ಲಿದ್ದ ಪದ ಇಷ್ಟು ಕಾಲ ಎಲ್ಲೂ ಬರಹಕ್ಕೆ ಇಳಿಯಲಿಲ್ಲ ಅಂದರೆ ನಂಬೋದು ಕಷ್ಟ. ಇನ್ನೊಂದು ತೊಡಕು ಅರ್ಥದ್ದು. ಆಗ ಬಿಸ್ಟ್ರೋ ಅಂದರೆ ಹೋಟೆಲಲ್ಲ, ವೈನ್ ಮಾರುವವನು. ‘ಬೇಗ’ಕ್ಕೂ ಅವನಿಗೂ ಏನು ನಂಟು? ಭಾಷಾತಜ್ಞರು ಜಾಸ್ತಿ ನೋಡುವುದು ಫ್ರಾನ್ಸಿನ ಒಳಗೇ: ಪ್ವಾತು ಸೀಮೆಯಲ್ಲಿ ಆಳುಹುಡುಗನಿಗೆ ಹೇಳುತ್ತಿದ್ದ ‘ಬಿಸ್ತ್ರೋ’, ಇಲ್ಲವೇ ಅಗ್ಗದ ಮದ್ಯಕ್ಕಿದ್ದ ‘ಬಿಸ್ತೂಯ್’. ತೀರ್ಪು ಇನ್ನೂ ಬಂದಿಲ್ಲ.

ಸುಮ್ನೆ ಕಟ್ಟುಕತೆಯಂತೆ ಕಂಡರೂ ನಿಜವಾಗಿರುವುದು ‘ಸಿಲುಯೆಟ್’ ಕತೆ. ಕಪ್ಪು ನೆರಳಿನ ಚಿತ್ರಕ್ಕೆ ಹೆಸರು ಬಂದದ್ದು ಎತಿಯೆನ್ ದ ಸಿಲುಯೆಟ್‌ನಿಂದ. 1759ರಲ್ಲಿ ಎಂಟೇ ತಿಂಗಳು ಫ್ರಾನ್ಸಿನ ಹಣಕಾಸು ನೋಡಿಕೊಂಡ ಈತನ ಖರ್ಚಿನ ಬಿಗಿ ಕಂಡು ಜನ ಅಗ್ಗದ, ಅರೆಬರೆ ವಸ್ತುಗಳಿಗೆಲ್ಲ ಅವನ ಹೆಸರಿಟ್ಟು ಲೇವಡಿ ಮಾಡಿದರು. ಈ ಮನೆತನದ ಹೆಸರು ಮೂಲದಲ್ಲಿ ಬಾಸ್ಕ್ ಭಾಷೆಯದು. ಅಲ್ಲಿ ‘ಸುಲೊ’ ಅಂದರೆ ತೂತು.