ನಿಯಮ 8ರಲ್ಲಿ ಇಲ್ಲದ ಶಿಕ್ಷೆ

ಸರಕಾರಿ ನೌಕರ ತಪ್ಪು ಮಾಡಿದರೆ ಏನೇನು ಶಿಕ್ಷೆ ಕೊಡಬಹುದು ಅನ್ನೋದಕ್ಕೆ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಿವೆ. ಅದರಲ್ಲಿ 8ನೇ ನಿಯಮ ತೆಗೆದು ಓದಿ. ವಾಗ್ದಂಡನೆ ಇದೆ, ವೇತನ ಬಡ್ತಿ ತಡೆ ಇದೆ, ಸಂಬಳದಿಂದ ನಷ್ಟ ವಸೂಲಿ ಇದೆ, ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಕೊನೆಗೆ ವಜಾ ಇದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ‘ರಾಯಚೂರು’ ಇಲ್ಲ.

ಆದರೂ ರಾಜ್ಯದ ಯಾವ ಮೂಲೆಯ ಕಚೇರಿಗೆ ಹೋದರೂ ಎಲ್ಲರಿಗೂ ಗೊತ್ತಿರುವ ಶಿಕ್ಷೆ ಇದೊಂದೇ. ವಾಗ್ದಂಡನೆಗೆ ಯಾರೂ ಹೆದರಲ್ಲ. ‘ರಾಯಚೂರಿಗೆ ಹಾಕಿಸ್ತೀನಿ ನೋಡು’ ಅಂದರೆ ಬಿ.ಪಿ. ಏರುತ್ತದೆ.

ಕೆಲಸಕ್ಕೆ ತಕ್ಕ ಮನುಷ್ಯ, ಮನುಷ್ಯನಿಗೆ ತಕ್ಕ ಜಾಗ ಅನ್ನೋದರ ಮೇಲೆ ಜಗತ್ತಿನಲ್ಲಿ ದೊಡ್ಡ ಶಾಸ್ತ್ರವೇ ಇದೆ. ಅಮೆರಿಕದ ಜಾನ್ ಹಾಲಂಡ್ ಎಂಬ ಮನಶ್ಶಾಸ್ತ್ರಜ್ಞ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರನ್ನು ಸಂದರ್ಶಿಸಿ ವಿಂಗಡಿಸುವ ಕೆಲಸದಲ್ಲಿದ್ದರು. ಆಮೇಲೆ 1959ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಮನುಷ್ಯರಲ್ಲಿ ಆರು ಬಗೆ: ಯಂತ್ರ ಬಿಚ್ಚಿ ಜೋಡಿಸುವವರು, ಯಾಕೆ-ಏನು ಅಂತ ಕೆದಕುವವರು, ಕಲಾವಿದರು, ಜನರ ಸೇವೆಗೆ ನಿಲ್ಲುವವರು, ಮಾತಿನಲ್ಲೇ ಒಪ್ಪಿಸಿಬಿಡುವವರು, ಕಡತ ಒಪ್ಪವಾಗಿ ಕಟ್ಟಿಡುವವರು. ಕೆಲಸದ ಜಾಗಗಳಲ್ಲೂ ಅವೇ ಆರು ಬಗೆ. ಜೋಡಿ ಕೂಡಿತೋ, ನೌಕರ ಉಳಿಯುತ್ತಾನೆ.

ವಿಧಾನಸೌಧ ಇಷ್ಟೆಲ್ಲ ತಲೆ ಕೆಡಿಸಿಕೊಂಡಿಲ್ಲ. ಅದರ ಪ್ರಕಾರ ನೌಕರರಲ್ಲಿ ಬಗೆ ಎರಡು, ಶಾಸಕರ ಪತ್ರ ಇದ್ದವರು ಮತ್ತು ಇಲ್ಲದವರು. ಜಾಗವೂ ಎರಡು, ಬೆಂಗಳೂರು ಮತ್ತು ನಾವು.

ಹೀಗಾಗಿ ರಸ್ತೆಯ ಡಾಂಬರು ಎಷ್ಟು ದಪ್ಪ ಅಂತ ಅಳೆದವನು ರಾಯಚೂರಿಗೆ ತಕ್ಕವನು. ರಾತ್ರಿ ಮರಳು ಲಾರಿ ನಿಲ್ಲಿಸಿದವನೂ ತಕ್ಕವನು. ಇಂಥವರನ್ನೇ ವರ್ಷಗಟ್ಟಲೆ ಇಲ್ಲಿಗೆ ಎಸೆದಿದ್ದರೆ ಈ ಜಿಲ್ಲೆ ಇಷ್ಟೊತ್ತಿಗೆ ರಾಮರಾಜ್ಯ ಆಗಬೇಕಿತ್ತಲ್ಲ? ಆಗಲಿಲ್ಲ. 2018ರಲ್ಲಿ ಕೇಂದ್ರ ಸರಕಾರ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಅಂತ ಹೊಸ ಹೆಸರಿಟ್ಟಾಗ ಕರ್ನಾಟಕದಿಂದ ಆ ಪಟ್ಟಿ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಯಾಕೆಂದರೆ ಲಂಚ ಬೇಡ ಅಂದವನಷ್ಟೇ ಅಲ್ಲ, ತಗೊಂಡು ಸಿಕ್ಕಿಬಿದ್ದು, ಅಮಾನತು ಮುಗಿಸಿದವನೂ ಇಲ್ಲಿಗೇ ಬರುತ್ತಾನೆ. ಒಂದೇ ಕೋಣೆ, ಎದುರುಬದುರು ಟೇಬಲ್ಲು. ಜವಾನನನ್ನು ಕೇಳಿದರೆ ವಿಂಗಡಣೆ ಸರಳ: ‘ಈ ಸಾಹೇಬ್ರು ತಿಂದು ಬಂದಾರ್ರೀ, ಆ ಸಾಹೇಬ್ರು ತಿನ್ನಲಾರದ್ದಕ್ಕ ಬಂದಾರ. ಚಾ ಮಾತ್ರ ಇಬ್ರಿಗೂ ನಾನೇ ತರಬೇಕ್ರೀ.’

ಬಂದವರಾದರೂ ಇರುತ್ತಾರಾ? ಅಲ್ಲಿ ಶುರುವಾಗುತ್ತದೆ ‘ನಿಯೋಜನೆ’ ಎಂಬ ಪವಾಡ. ಹುದ್ದೆ ರಾಯಚೂರಿನದು, ಸಂಬಳ ರಾಯಚೂರಿನ ಲೆಕ್ಕದಲ್ಲಿ, ಮನುಷ್ಯ ಬೆಂಗಳೂರಿನಲ್ಲಿ. ಕಾಗದದ ಮೇಲೆ ಹುದ್ದೆ ಭರ್ತಿ ಆಗಿರುವುದರಿಂದ ಬೇರೆಯವರನ್ನು ಹಾಕುವಂತಿಲ್ಲ. ಕುರ್ಚಿಯ ಮೇಲಿನ ಟವೆಲ್ಲಿಗೆ ‘ಪ್ರಭಾರ’ ಕೊಟ್ಟರೂ ನಡೆದೀತು.

ಹೊರಗಿನವರನ್ನೇ ಬೈದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಸಂವಿಧಾನದ 98ನೇ ತಿದ್ದುಪಡಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನದ 371(ಜೆ) ವಿಧಿ ಕೊಟ್ಟಿತು. ಈ ಭಾಗದ ಸ್ಥಳೀಯ ವೃಂದದಲ್ಲಿ ‘ಎ’, ‘ಬಿ’ ಗುಂಪಿನ ಹುದ್ದೆಗಳಲ್ಲಿ ಶೇ. 75, ‘ಸಿ’ಯಲ್ಲಿ ಶೇ. 80, ‘ಡಿ’ಯಲ್ಲಿ ಶೇ. 85 ನಮಗೇ ಮೀಸಲು. ಆ ಮೀಸಲಾತಿಯ ಸರ್ಟಿಫಿಕೇಟಿಗಾಗಿ ಕಚೇರಿ ಮುಂದೆ ಬಿಸಿಲಲ್ಲಿ ಕ್ಯೂ ನಿಂತ ನಮ್ಮ ಮಣ್ಣಿನ ಮಕ್ಕಳಲ್ಲೂ ಕೆಲವರಿಗೆ ಆದೇಶ ಕೈಗೆ ಸಿಕ್ಕ ಮೇಲೆ ಅವ್ವನ ಮೊಣಕಾಲು ನೋವು ನೆನಪಾಗುತ್ತದೆ. ಆ ನೋವಿಗೆ ಔಷಧ ಬೆಂಗಳೂರಿನಲ್ಲಿ ಮಾತ್ರ.

ಹಟ್ಟಿಯ ಚಿನ್ನ, ಶಕ್ತಿನಗರದ ಕರೆಂಟು, ಸಿಂಧನೂರಿನ ಅಕ್ಕಿ ಇಲ್ಲಿಂದ ಹೊರಗೆ ಹೋಗಲು ಯಾವ ಶಾಸಕರ ಪತ್ರವೂ ಬೇಕಾಗಿಲ್ಲ, ಅದು ಬೇರೆ ಮಾತು.

ಪಕ್ಕದ ಬಳ್ಳಾರಿಯವರು ನಗಬೇಕಾಗಿಲ್ಲ. 2024ರ ಆಗಸ್ಟಿನಲ್ಲಿ ಹೆಸರಾಂತ ನಟರೊಬ್ಬರು ಪರಪ್ಪನ ಅಗ್ರಹಾರದ ಜೈಲಿನಲ್ಲಿ ಕುರ್ಚಿ ಹಾಕಿಕೊಂಡು ಆರಾಮಾಗಿ ಕುಳಿತ ಫೋಟೊ ಹೊರಬಿದ್ದಾಗ, ಅವರನ್ನು ಸಾಗಿಸಿದ್ದು ಬಳ್ಳಾರಿಗೇ. ಜೈಲಿನಲ್ಲಿದ್ದವರಿಗೂ ಮೇಲೊಂದು ಶಿಕ್ಷೆ ಬೇಕೆಂದರೆ ನಮ್ಮ ಸೀಮೆಯೇ ಆಗಬೇಕು.

2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಇದ್ದೇವೆ. ನಮ್ಮ ಮೇಲಿನ ದೋಷಾರೋಪಣ ಪಟ್ಟಿ ಯಾವ ಟಪಾಲಿನಲ್ಲಿ ಸಿಕ್ಕಿಕೊಂಡಿದೆಯೋ, ಇನ್ನೂ ಕೈಸೇರಿಲ್ಲ. ವಿಚಾರಣೆ ನಡೆಸದೆ ಹುಟ್ಟಿದ ದಿನದಿಂದಲೇ ಇಲ್ಲಿಗೆ ಹಾಕಿದ್ದಾರೆ.

ಇನ್ನೊಂದು ಅನುಮಾನ ಉಳಿದಿದೆ. ಇಲ್ಲೇ ಹುಟ್ಟಿ ಇಲ್ಲೇ ಗುಮಾಸ್ತನಾದವನು ತಪ್ಪು ಮಾಡಿದರೆ ಎಲ್ಲಿಗೆ ಹಾಕುತ್ತಾರೆ? ಅಂಥವನೊಬ್ಬನನ್ನು ಬೆಂಗಳೂರಿಗೆ ಎತ್ತಂಗಡಿ ಮಾಡಿದರಂತೆ. ಅರ್ಧ ಸಂಬಳ ಬಾಡಿಗೆಗೆ, ಅರ್ಧ ಆಯುಷ್ಯ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಹೋಗಿ, ಕೆಲವೇ ತಿಂಗಳಲ್ಲಿ ಅರ್ಜಿ ಹಾಕಿದ: ‘ನನಗೆ ರಾಯಚೂರೇ ಬೇಕು.’ ಮೇಲಧಿಕಾರಿ ತಮ್ಮ ಸರ್ವಿಸಿನಲ್ಲಿ ಇಂಥ ಅರ್ಜಿ ಕಂಡಿರಲಿಲ್ಲ. ಮತ್ತೊಮ್ಮೆ ಓದಿ, ಕನ್ನಡಕ ಒರೆಸಿಕೊಂಡು ಷರಾ ಬರೆದರು: ‘ಅರ್ಜಿದಾರರ ಮಾನಸಿಕ ಸ್ಥಿತಿ ಕುರಿತು ಮಾತೃ ಜಿಲ್ಲೆಯ ವೈದ್ಯಾಧಿಕಾರಿಯಿಂದ ವರದಿ ಪಡೆದು ಮಂಡಿಸಿ.’

ಕಡತ ರಾಯಚೂರಿಗೆ ಬಂದು ಕೂತಿದೆ. ವೈದ್ಯಾಧಿಕಾರಿ ಬೆಂಗಳೂರಿನಲ್ಲಿ ನಿಯೋಜನೆಯ ಮೇಲಿದ್ದಾರೆ.